ನಿಮಗಿದು ಗೊತ್ತೇ? ಬೆರಳು ಮಡಿಸುವ ಸ್ನಾಯು ಬೆರಳಲ್ಲೇ ಇಲ್ಲ!

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡೋಣಿಯಿಂದ ಕಪ್ಪತಗುಡ್ಡ ಹತ್ತಿ, ಮಲ್ಲಯ್ಯನಿಗೆ ಕೈಮುಗಿದು, ಮತ್ತೆ ನಡೆದೇ ಇಳಿದು ಬಂದಿದ್ದೀರಾ? ಹಾಗಾದರೆ ಎರಡನೇ ದಿನ ತೊಡೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತದ್ದೂ ನೆನಪಿರಬೇಕು. ಅದು ಗುಡ್ಡ ಹತ್ತಿದ ನೋವು ಅಂದುಕೊಂಡಿರಾ? ಅಲ್ಲವೇ ಅಲ್ಲ, ಇಳಿದ ನೋವು!

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಏದುಸಿರು ಬರುತ್ತದೆ, ಬೆವರು ಸುರಿಯುತ್ತದೆ, ಅಷ್ಟೇ. ಇಳಿಯುವಾಗ ಅದೇ ಸ್ನಾಯು ಇಡೀ ಮೈಭಾರ ತಡೆಯಬೇಕು. ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕು! ಈ ಎಳೆದಾಟದಲ್ಲಿ ಒಳಗಿನ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ದಣಿವು ಏರಿಕೆಯದು, ನೋವು ಇಳಿಕೆಯದು.

'ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ, ಅದಕ್ಕೇ ನೋವು' ಎಂದು ಜಿಮ್‌ಗೆ ಹೋಗುವ ಹುಡುಗರು ಹೇಳುತ್ತಾರಲ್ಲ? ಆ ಆಮ್ಲ ಒಂದೆರಡು ಗಂಟೆಯಲ್ಲೇ ಮೈಯಿಂದ ಖಾಲಿಯಾಗಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಅಷ್ಟು ಹೊತ್ತಿಗೆ ಆಪಾದಿತ ಊರಲ್ಲೇ ಇರುವುದಿಲ್ಲ!

ಇನ್ನೂ ಒಂದು ಸೋಜಿಗ ಕೇಳಿ. ಎರಡು ವಾರ ಬಿಟ್ಟು ಮತ್ತೆ ಅದೇ ಗುಡ್ಡ ಇಳಿಯಿರಿ. ಈ ಸಲ ನೋವು ತೀರಾ ಕಡಿಮೆ. ಒಂದೇ ಒಂದು ಸಲದ ಪೆಟ್ಟಿನಿಂದ ಸ್ನಾಯು ಪಾಠ ಕಲಿತು, ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ!

ಈಗ ನಿಮ್ಮ ಬೆರಳು ನೋಡಿಕೊಳ್ಳಿ. ಜೋಳದ ರೊಟ್ಟಿ ಬಡಿಯುವ ಬೆರಳು, ಬೆಟಗೇರಿಯ ಮಗ್ಗದ ಮೇಲೆ ಹರಿದ ನೂಲು ಗಂಟುಹಾಕುವ ಬೆರಳು. ಅದನ್ನು ಮಡಿಸುವ ಸ್ನಾಯು ಬೆರಳಿನಲ್ಲಿ ಒಂದೂ ಇಲ್ಲ! ಎಲ್ಲವೂ ಅಂಗೈಯಲ್ಲಿ ಮತ್ತು ಮುಂಗೈಯಲ್ಲಿ ಕುಳಿತಿವೆ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ.

ನಂಬಿಕೆ ಬರಲಿಲ್ಲವೇ? ಎಡಗೈಯಿಂದ ಬಲ ಮುಂಗೈ ಹಿಡಿದುಕೊಂಡು ಬೆರಳು ಆಡಿಸಿ. ಮೊಣಕೈ ಹತ್ತಿರ ಏನೋ ಮಿಸುಕಾಡುತ್ತದೆ. ಬೆರಳು ಇಲ್ಲಿ, ಕೆಲಸಗಾರ ಅಲ್ಲಿ!

ಎಲುಬಿಗೆ ಅಂಟಿದ ಸ್ನಾಯುಗಳೇ ನಮ್ಮ ಮೈಯಲ್ಲಿ 600ಕ್ಕೂ ಹೆಚ್ಚು. ಅಷ್ಟೂ ಸ್ನಾಯುಗಳಿಗೆ ಬರುವುದು ಒಂದೇ ಕೆಲಸ, ಎಳೆಯುವುದು. ತಳ್ಳುವುದು ಯಾವುದಕ್ಕೂ ಬರುವುದಿಲ್ಲ! ಕೆಟ್ಟು ನಿಂತ ಟ್ರ್ಯಾಕ್ಟರ್ ತಳ್ಳುವಾಗಲೂ ತೋಳಿನ ಹಿಂಬದಿಯ ಸ್ನಾಯು ಮೊಣಕೈಯನ್ನು ಎಳೆದು ನೆಟ್ಟಗೆ ಮಾಡುತ್ತಿರುತ್ತದೆ. ಒಂದು ಸ್ನಾಯು ಮಡಿಸಿದ್ದನ್ನು ಬಿಡಿಸಲು ಎದುರಿಗೆ ಇನ್ನೊಂದು ಇರಲೇಬೇಕು. ಅದಕ್ಕೇ ಜೋಡಿ ಜೋಡಿ!

ಎಳೆಯುವುದು ಹೇಗೆ? ಹಗ್ಗ ಜಗ್ಗಾಟದ ಆಟಗಾರರ ಕೈ ನೋಡಿ. ಹಿಡಿ, ಜಗ್ಗು, ಬಿಡು, ಮುಂದೆ ಹಿಡಿ. ಸ್ನಾಯುವಿನ ಒಳಗೂ ಇದೇ ಆಟ. ಮಯೋಸಿನ್ ಎಂಬ ದಪ್ಪ ಎಳೆಗೆ ಸಾಲು ಸಾಲು ತಲೆಗಳು. ಆ ತಲೆಗಳು ಆಕ್ಟಿನ್ ಎಂಬ ತೆಳು ಎಳೆಯನ್ನು ಹಿಡಿದು ಜಗ್ಗುತ್ತವೆ. ಎಳೆಗಳೇನೂ ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಆದರೂ ಇಡೀ ಸ್ನಾಯು ಗಿಡ್ಡವಾಗುತ್ತದೆ!

ಈ ಜಾರಾಟವನ್ನು ಜಗತ್ತಿಗೆ ತಿಳಿಸಿದ್ದು ಯಾರು ಗೊತ್ತೇ? 1954ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಬೇರೆ ಬೇರೆ ತಂಡಗಳು ಬರೆದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್ಲಿ. ಅಣ್ಣತಮ್ಮಂದಿರೇ? ಅಲ್ಲ. ದಾಯಾದಿಗಳೇ? ಅದೂ ಅಲ್ಲ. ಅಡ್ಡಹೆಸರು ಒಂದೇ, ನಂಟು ಯಾವುದೂ ಇಲ್ಲ!

ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಮುಂದಿನ ಸಂಗತಿ. ಸ್ನಾಯುವಿಗೆ ಹಿಡಿಯುವುದಕ್ಕಷ್ಟೇ ಅಲ್ಲ, ಬಿಡುವುದಕ್ಕೂ ಶಕ್ತಿ ಬೇಕು! ಮಯೋಸಿನ್ ತಲೆ ಹಿಡಿತ ಸಡಿಲಿಸಬೇಕಾದರೆ ಎಟಿಪಿ ಎಂಬ ಇಂಧನದ ಒಂದು ಕಣ ಬಂದು ಅಂಟಲೇಬೇಕು. ಇಂಧನ ಬರದಿದ್ದರೆ ಹಿಡಿದದ್ದು ಹಿಡಿದಂತೆಯೇ.

ಉಸಿರು ನಿಂತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಕಾರಣ ಇದೇ. ಇಂಧನ ತೀರಿತು, ಬಿಡುವ ಬಲ ಉಳಿಯಲಿಲ್ಲ. ಒಂದೆರಡು ದಿನ ಕಳೆದು ಎಳೆಗಳೇ ಕರಗತೊಡಗಿದಾಗ ಬಿಗಿ ತಾನಾಗಿ ಸಡಿಲುತ್ತದೆ.

ಜಾತ್ರೆಯಲ್ಲಿ ಪೈಲ್ವಾನ ಸಂಗ್ರಾಣಿ ಕಲ್ಲು ಎತ್ತಿ ಹೆಗಲಿಗೇರಿಸುತ್ತಾನಲ್ಲ? ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಎರಡು ಮೂರು ಸೆಕೆಂಡಿಗಷ್ಟೇ ಸಾಲುತ್ತದೆ! ಆಮೇಲೆ ಕ್ರಿಯಾಟಿನ್ ಫಾಸ್ಫೇಟ್ ಎಂಬ ತುರ್ತು ದಾಸ್ತಾನು ಹತ್ತು ಸೆಕೆಂಡಿನ ಮಟ್ಟಿಗೆ ಕೈಹಿಡಿಯುತ್ತದೆ. ಕಲ್ಲೆತ್ತುವ ಆಟ ಅಷ್ಟರಲ್ಲೇ ಮುಗಿಯುತ್ತದೆ.

ಗರಡಿಗೆ ಸೇರಿದ ಹುಡುಗ ಮೊದಲ ಕೆಲವು ವಾರಗಳಲ್ಲೇ ಹೆಚ್ಚು ಭಾರ ಎತ್ತತೊಡಗುತ್ತಾನೆ. ತೋಳು ನೋಡಿದರೆ ಮೊದಲಿನಷ್ಟೇ! ಬಲ ಬಂದದ್ದು ಎಲ್ಲಿಂದ? ಮಿದುಳು ಮತ್ತು ನರಗಳಿಂದ. ಇರುವ ಎಳೆಗಳನ್ನೇ ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ಅವು ಮೊದಲು ಕಲಿಯುತ್ತವೆ. ತೋಳು ಉಬ್ಬುವುದು ಆಮೇಲೆ. ಆಗಲೂ ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಒಂದೊಂದು ಎಳೆಯೂ ದಪ್ಪವಾಗುವುದೇ ಹೆಚ್ಚು.

ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕುಳಿತಿದ್ದೀರಾ? ಅದು ಬಹಳ ಮಟ್ಟಿಗೆ ನರದ ಅತಿ ಉತ್ಸಾಹ. 'ಕುಗ್ಗು, ಕುಗ್ಗು' ಎಂದು ಬಿಡದೆ ಸಂದೇಶ ಕಳಿಸುತ್ತದೆ. ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ, ಬಿಡುತ್ತದೆ.

2010ರಲ್ಲಿ ಅಮೆರಿಕದ ಸಂಶೋಧಕರು ಒಂದು ಮಜಾ ಪ್ರಯೋಗ ಮಾಡಿದರು. ವಿದ್ಯುತ್ ಹಾಯಿಸಿ ಕಾಲಿನ ಸ್ನಾಯು ಹಿಡಿದುಕೊಳ್ಳುವಂತೆ ಮಾಡಿ, ಉಪ್ಪು ವಿನೆಗರ್‌ನಲ್ಲಿ ಊರಿಸಿದ ಸೌತೆಕಾಯಿಯ ರಸ ಕುಡಿಸಿದರು. ನೀರು ಕುಡಿದವರಿಗಿಂತ ಬೇಗ ಸೆಳೆತ ಬಿಟ್ಟಿತು. ಆ ರಸ ಇನ್ನೂ ರಕ್ತಕ್ಕೆ ಸೇರಿರಲೇ ಇಲ್ಲ! ಗಂಟಲಿಗೆ ಹುಳಿ ತಗುಲಿದ್ದೇ ನರ ಸುಮ್ಮನಾಗಿರಬೇಕು ಎಂಬುದು ಅವರ ಊಹೆ. ಗಂಟಲಿಗೆ ಕೊಟ್ಟ ಮದ್ದು ಕಾಲಿಗೆ ತಾಗಿತು!

ಚಳಿಗಾಲದಲ್ಲಿ ಕಪ್ಪತಗುಡ್ಡದ ಗಾಳಿಗೆ ಗಡಗಡ ನಡುಗುತ್ತೀರಿ. ಅದು ಬೆಚ್ಚಗಾಗುವ ಉಪಾಯ! ಸ್ನಾಯು ಬಳಸುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಚಲನೆಗೆ ಸಲ್ಲುತ್ತದೆ. ಉಳಿದದ್ದು ಶಾಖ. ನಡುಗುವಾಗ ಮೈಗೆ ಬೇಕಾದದ್ದೇ ಆ ಶಾಖ. ಅದೇ ಹೊತ್ತಿಗೆ ಒಂದೊಂದು ರೋಮದ ಬುಡದಲ್ಲೂ ಒಂದು ಪುಟಾಣಿ ಸ್ನಾಯು ಕುಗ್ಗಿ ರೋಮ ಎದ್ದು ನಿಲ್ಲುತ್ತದೆ.

ಎಲುಬಿಗೆ ಅಂಟಿದ ಸ್ನಾಯುಗಳಲ್ಲಿ ಅತಿ ಚಿಕ್ಕದು ಎಲ್ಲಿದೆ? ಕಿವಿಯೊಳಗೆ. ಉದ್ದ ಸುಮಾರು 6 ಮಿಲಿಮೀಟರ್. ಡೊಳ್ಳು ಬಾರಿಸುವವರ ಪಕ್ಕ ನಿಂತಾಗ ಅದು ತಟ್ಟನೆ ಕುಗ್ಗಿ ನಡುಗಿವಿಯ ಪುಟ್ಟ ಎಲುಬನ್ನು ಬಿಗಿಹಿಡಿಯುತ್ತದೆ, ಸದ್ದು ತಗ್ಗಿಸುತ್ತದೆ. ನಿಮಗೆ ಅದರ ಸುಳಿವೇ ಇರುವುದಿಲ್ಲ!

ಕಣ್ಣಿನಲ್ಲಿ ಒಂದು ರಾಟೆ ಇದೆ ಗೊತ್ತೇ? ಪ್ರತಿ ಕಣ್ಣುಗುಡ್ಡೆಯನ್ನು ಆಡಿಸಲು ಆರು ಸ್ನಾಯುಗಳು. ಅವುಗಳಲ್ಲಿ ಒಂದರ ರಜ್ಜು ಮೂಗಿನ ಪಕ್ಕದ ಮೃದ್ವಸ್ಥಿಯ ಬಳೆಯೊಳಗೆ ತೂರಿ, ದಿಕ್ಕು ಬದಲಿಸಿ ಕಣ್ಣಿಗೆ ಅಂಟುತ್ತದೆ. ನಿಜವಾದ ರಾಟೆಯ ಕೆಲಸವೇ!

ಗದಗ ಸೀಮೆಯ ಮಾತೆತ್ತಿದ ಮೇಲೆ ಹಾಡು ಬಿಡಲಾದೀತೇ? 1922ರಲ್ಲಿ ಹುಟ್ಟಿದ ರೋಣದ ಭೀಮಸೇನ ಜೋಶಿ ಮಂದ್ರದಿಂದ ತಾರಕ್ಕೆ ಒಂದೇ ಉಸಿರಿನಲ್ಲಿ ಏರುತ್ತಿದ್ದರಲ್ಲ? ಗಂಡಸಿನ ಧ್ವನಿತಂತು ಎರಡು ಸೆಂಟಿಮೀಟರ್ ಆಸುಪಾಸು, ಅದರ ಒಡಲು ಸ್ನಾಯುವೇ. ಷಡ್ಜ ಹಿಡಿದಾಗ ಅದು ಕಂಪಿಸುವುದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ! ಅಷ್ಟು ವೇಗವಾಗಿ ನಮ್ಮ ಮೈಯ ಯಾವ ಸ್ನಾಯುವೂ ಕುಗ್ಗಿ ಹಿಗ್ಗಲಾರದು. ಸ್ನಾಯು ಮಾಡುವುದು ತಂತು ಬಿಗಿಗೊಳಿಸುವುದನ್ನು ಮಾತ್ರ, ಅಲುಗಾಡಿಸುವುದು ಕೆಳಗಿನಿಂದ ಬರುವ ಉಸಿರು. ಆ ಉಸಿರನ್ನು ತುಂಬಿಕೊಡುವುದು ವಪೆ, ಅದೂ ಒಂದು ಸ್ನಾಯುವೇ!

ಇನ್ನು ಕಾಯಿಲೆಗಳ ಕಡೆ ಬನ್ನಿ. ಇಲ್ಲಿನ ಅಚ್ಚರಿಗಳು ಇನ್ನೂ ದೊಡ್ಡವು.

ಹೊಲದಲ್ಲಿ ಕಾಲಿಗೆ ಮೊಳೆ ಚುಚ್ಚಿ ಬರುವ ಧನುರ್ವಾಯು ಗೊತ್ತಲ್ಲ? ಗಾಯ ಕಾಲಿನಲ್ಲಿ, ಆದರೆ ಹೆಚ್ಚಾಗಿ ಮೊದಲು ಬಿಗಿಯುವುದು ದವಡೆ! ಆ ರೋಗಾಣುವಿನ ವಿಷ ನರಗಳ ಗುಂಟ ಬೆನ್ನುಹುರಿಗೆ ಏರಿ, 'ಸಾಕು, ಬಿಡು' ಎನ್ನುವ ನರಗಳ ಬಾಯಿ ಮುಚ್ಚಿಸುತ್ತದೆ. ತಡೆಯುವವರು ಇಲ್ಲದೆ ಸ್ನಾಯುಗಳು ಬಿಗಿಯುತ್ತಲೇ ಹೋಗುತ್ತವೆ.

ಈಗ ಕೇಳಿ. ಇದೇ ರೋಗಾಣುವಿನ ಕುಲಬಂಧುವೊಂದು ಬೊಟುಲಿನಂ ಎಂಬ ವಿಷ ತಯಾರಿಸುತ್ತದೆ. ನರದೊಳಗೆ ಎರಡೂ ಕತ್ತರಿಸುವುದು ಒಂದೇ ಬಗೆಯ ಪ್ರೋಟೀನುಗಳನ್ನು. ಆದರೆ ಬೊಟುಲಿನಂ ಸ್ನಾಯುವಿನ ಬಾಗಿಲಲ್ಲೇ ಕೂತು 'ಎಳೆ' ಎನ್ನುವ ಸಂದೇಶವನ್ನು ತಡೆಯುತ್ತದೆ. ಒಂದರಿಂದ ಮೈಯೆಲ್ಲ ಸೆಟೆತ, ಇನ್ನೊಂದರಿಂದ ಮೈಯೆಲ್ಲ ಜೋಲು! ಮುಖದ ಸುಕ್ಕು ಅಳಿಸಲು ಚುಚ್ಚುವ ಬೊಟಾಕ್ಸ್ ಇದೇ ವಿಷ. ಅಮೆರಿಕದಲ್ಲಿ 1989ರಲ್ಲಿ ಮೊದಲು ಒಪ್ಪಿಗೆ ಸಿಕ್ಕದ್ದು ಸೌಂದರ್ಯಕ್ಕಲ್ಲ, ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತದ ಚಿಕಿತ್ಸೆಗೆ!

ಕಟ್ಟುಹಾವಿನ ವಿಷವೂ ನರ ಮತ್ತು ಸ್ನಾಯು ಸೇರುವ ಆ ಬಾಗಿಲಿಗೇ ಕೈಹಾಕುತ್ತದೆ. ಈ ಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ! ಮೊದಲ ಸುಳಿವು ಕಣ್ಣರೆಪ್ಪೆ ಜೋಲು ಬೀಳುವುದು. ನಿದ್ದೆಗಣ್ಣು ಎಂದುಕೊಂಡು ಸುಮ್ಮನಿರಬೇಡಿ. ರೆಪ್ಪೆಯ ನಂತರ ಗಂಟಲು, ಆಮೇಲೆ ಉಸಿರಾಟದ ಸ್ನಾಯುಗಳ ಸರದಿ. ಹೊತ್ತು ಗೊತ್ತು ನೋಡದೆ ಆಸ್ಪತ್ರೆಗೆ ಹೊರಡಿ.

ಹಾವಿನ ವಿಷದಿಂದಲೇ ಒಂದು ಸ್ನಾಯುರೋಗದ ಗುಟ್ಟು ರಟ್ಟಾಯಿತು ಎಂದರೆ ನಂಬುತ್ತೀರಾ? ರೋಗದ ಹೆಸರು ಮಯಸ್ತೇನಿಯಾ ಗ್ರೇವಿಸ್. ಬೆಳಿಗ್ಗೆ ಚೆನ್ನಾಗಿರುವವರು ಸಂಜೆಯಾಗುತ್ತಿದ್ದಂತೆ ಸೋಲುತ್ತಾರೆ. ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಊಟ ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಕಾಣಿಸಿಕೊಂಡದ್ದು ಇದೇ.

1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಒಂದು ಸಂಗತಿ ಗಮನಿಸಿದರು. ಈ ರೋಗಿಗಳು ಕುರಾರೆ ಎಂಬ ಬಾಣದ ವಿಷ ತಗುಲಿದವರ ಹಾಗೆಯೇ ಕಾಣುತ್ತಾರಲ್ಲ! ಹಾಗಾದರೆ ಕುರಾರೆಯ ಮಾರುಮದ್ದನ್ನೇ ಏಕೆ ಕೊಡಬಾರದು? ಕೊಟ್ಟರು. ಜೋತುಬಿದ್ದ ರೆಪ್ಪೆ ಮೇಲೆದ್ದಿತು!

ಅದು ಏಕೆ ಎಂದು ತಿಳಿಯಲು ಇನ್ನೂ ಸುಮಾರು 40 ವರ್ಷ ಬೇಕಾಯಿತು. ತೈವಾನಿನ ಕಟ್ಟುಹಾವಿನ ವಿಷದಿಂದ ತೆಗೆದ ಒಂದು ಅಂಶ ಸ್ನಾಯುವಿನ ಸಂದೇಶ ಗ್ರಾಹಕಗಳಿಗೇ ಗಟ್ಟಿಯಾಗಿ ಅಂಟುತ್ತದೆ. ಅದನ್ನು ಅಂಟಿಸಿ ಎಣಿಸಿದಾಗ ಈ ರೋಗಿಗಳಲ್ಲಿ ಗ್ರಾಹಕಗಳು ತೀರಾ ಕಡಿಮೆ ಎಂದು 1973ರಲ್ಲಿ ಗೊತ್ತಾಯಿತು. ಅದೇ ವರ್ಷ ಇನ್ನೊಂದು ತಂಡ ವಿದ್ಯುತ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿತು. ಮೊಲಗಳ ದೇಹ ಅದರ ವಿರುದ್ಧ ಸೈನ್ಯ ಎಬ್ಬಿಸಿತು. ಆ ಸೈನ್ಯ ಮೊಲಗಳ ಸ್ವಂತ ಸ್ನಾಯುಗಳ ಮೇಲೇ ತಿರುಗಿಬಿತ್ತು, ಮೊಲಗಳು ಜೋಲುಬಿದ್ದವು! ಮನುಷ್ಯರಲ್ಲೂ ನಡೆಯುವುದು ಇದೇ, ನಮ್ಮ ರಕ್ಷಕರೇ ನಮ್ಮ ಸ್ನಾಯುವಿನ ಬಾಗಿಲು ಮುರಿಯುತ್ತಾರೆ.

ಪತ್ತೆಗೆ ಒಂದು ಸುಲಭ ಉಪಾಯವೂ ಉಂಟು. ಜೋತುಬಿದ್ದ ರೆಪ್ಪೆಯ ಮೇಲೆ ವೈದ್ಯರು ಎರಡು ನಿಮಿಷ ಮಂಜುಗಡ್ಡೆ ಇಡುತ್ತಾರೆ. ಮಯಸ್ತೇನಿಯಾ ಇದ್ದರೆ ಬಹಳ ಸಲ ರೆಪ್ಪೆ ತಾನಾಗಿ ಮೇಲೇಳುತ್ತದೆ! ತಂಪಿನಲ್ಲಿ ನರದ ಸಂದೇಶ ಹೆಚ್ಚು ಹೊತ್ತು ಉಳಿಯುತ್ತದೆ, ಅಷ್ಟೇ ಗುಟ್ಟು.

ಹಬ್ಬದ ರಾತ್ರಿ ಗಡದ್ದಾಗಿ ಹೋಳಿಗೆ ಊಟ. ಬೆಳಿಗ್ಗೆ ಏಳಲು ಹೋದರೆ ಕಾಲು ಎತ್ತಲಾಗುವುದೇ ಇಲ್ಲ! ಹೀಗೂ ಒಂದು ಕಾಯಿಲೆ ಇದೆ. ಸಿಹಿ ಮತ್ತು ಹಿಟ್ಟಿನ ಊಟಕ್ಕೆ ಇನ್ಸುಲಿನ್ ಏರುತ್ತದೆ, ಅದು ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ನೂಕುತ್ತದೆ. ಈ ಕಾಯಿಲೆ ಇರುವವರಲ್ಲಿ ರಕ್ತದ ಪೊಟ್ಯಾಸಿಯಂ ತೀರಾ ಕುಸಿದು ಸ್ನಾಯು ಕೆಲಸ ನಿಲ್ಲಿಸುತ್ತದೆ. ಥೈರಾಯ್ಡ್ ಹೆಚ್ಚಾಗಿರುವ ಏಷ್ಯಾದ ಗಂಡಸರಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ಸಕಾಲಕ್ಕೆ ಪೊಟ್ಯಾಸಿಯಂ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತಾರೆ!

ಮುಂದಿನದನ್ನು ಮಕ್ಕಳಿರುವ ಮನೆಯವರು ನಿಧಾನವಾಗಿ ಓದಿ.

ಮೂರು ನಾಲ್ಕು ವರ್ಷದ ಗಂಡು ಮಗು. ದಪ್ಪನೆಯ ಮೀನಖಂಡ. 'ಹುಡುಗನ ಕಾಲು ನೋಡ್ರಿ ಹೆಂಗದಾವು, ಪೈಲ್ವಾನ ಆಗ್ತಾನ!' ಎಂದು ಎಲ್ಲರೂ ಹಿಗ್ಗುತ್ತಾರೆ. ಆದರೆ ಮಗು ಪದೇಪದೇ ಬೀಳುತ್ತದೆ. ನೆಲದಿಂದ ಏಳುವಾಗ ತನ್ನದೇ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ಹಂತ ಹಂತವಾಗಿ ಏರಿ ನಿಲ್ಲುತ್ತದೆ. ಬ್ರಿಟನ್ನಿನ ವಿಲಿಯಂ ಗೋವರ್ಸ್ 1879ರಲ್ಲೇ ಇದನ್ನು ಬರೆದಿಟ್ಟರು. ಡುಶೇನ್ ಸ್ನಾಯುಕ್ಷಯದ ದೊಡ್ಡ ಗುರುತು ಇದು. ಆ ದಪ್ಪ ಮೀನಖಂಡದಲ್ಲಿ ತುಂಬಿಕೊಳ್ಳುತ್ತಿರುವುದು ಬಲವಲ್ಲ, ಕೊಬ್ಬು ಮತ್ತು ನಾರು!

ಇದರ ಹಿಂದಿರುವ ಡಿಸ್ಟ್ರೋಫಿನ್ ಜೀನ್ ಮನುಷ್ಯನ ಜೀನ್‌ಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. 20 ಲಕ್ಷಕ್ಕೂ ಹೆಚ್ಚು ಅಕ್ಷರಗಳು! ಜೀವಕೋಶ ಅದರ ಒಂದು ಪ್ರತಿ ಬರೆದುಕೊಳ್ಳಲು ಸುಮಾರು 16 ಗಂಟೆ ಹಿಡಿಯುತ್ತದೆ. ಅಷ್ಟೆಲ್ಲ ಬರೆದ ಮೇಲೆ ಶೇಕಡ 99ಕ್ಕೂ ಹೆಚ್ಚನ್ನು ಕತ್ತರಿಸಿ ಎಸೆಯುತ್ತದೆ! ಪ್ರೋಟೀನಿಗೆ ಬೇಕಾದ ಅಕ್ಷರಗಳು ಸುಮಾರು 11 ಸಾವಿರ ಮಾತ್ರ.

ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ. ಗಂಡಿಗೆ ಒಂದೇ. ಅದಕ್ಕೇ ಈ ರೋಗ ಬಹುತೇಕ ಗಂಡುಮಕ್ಕಳಿಗೇ. ಹಾಗೆಂದು ತಾಯಿಯನ್ನು ದೂರಬೇಡಿ. ಎಷ್ಟೋ ಮಕ್ಕಳಲ್ಲಿ ತಾಯಿಯಲ್ಲಿಲ್ಲದ ಹೊಸ ತಪ್ಪು ತಾನಾಗಿ ಹುಟ್ಟಿರುತ್ತದೆ!

ಇಲ್ಲೊಂದು ಎಡವಟ್ಟಿನ ಜಾಗ ಇದೆ. ಎಸ್‌ಜಿಒಟಿ, ಎಸ್‌ಜಿಪಿಟಿ ರಕ್ತಪರೀಕ್ಷೆಯಲ್ಲಿ ಹೆಚ್ಚು ಬಂದರೆ ಯಕೃತ್ತಿನ ತೊಂದರೆ ಎನ್ನುತ್ತೇವೆ. ಆದರೆ ಸ್ನಾಯು ಒಡೆದಾಗಲೂ ಇವು ರಕ್ತಕ್ಕೆ ಸೋರುತ್ತವೆ! ಯಕೃತ್ತಿನ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆಯುವ ಮಕ್ಕಳಿದ್ದಾರೆ. ಸಿಪಿಕೆ ಎಂಬ ಒಂದು ರಕ್ತಪರೀಕ್ಷೆ ಸಾಕು, ದಾರಿ ಸ್ನಾಯುವಿನ ಕಡೆ ತಿರುಗುತ್ತದೆ. ಮಗು ಏಳುವ ರೀತಿ ಬೇರೆಯಾಗಿದೆ ಅನಿಸಿದರೆ ಈ ಹೆಸರನ್ನು ವೈದ್ಯರ ಮುಂದೆ ಹೇಳಲು ಸಂಕೋಚ ಬೇಡ.

ಬೆಂಗಳೂರಿನ ನಿಮ್ಹಾನ್ಸ್ ಕಡೆಗೊಮ್ಮೆ ನೋಡಿ. ಅಲ್ಲಿನ ಡಾ. ಎಂ. ಗೌರಿ ದೇವಿ ಮತ್ತು ಸಂಗಡಿಗರು 1984ರಲ್ಲಿ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಇಡೀ ಮೈಯಲ್ಲಿ ಒಂದೇ ಒಂದು ಕೈ ಅಥವಾ ಒಂದೇ ಒಂದು ಕಾಲು ಸಣಕಲಾಗುತ್ತದೆ! ಹೆಚ್ಚಾಗಿ ಹದಿಹರೆಯ ದಾಟುತ್ತಿರುವ ಗಂಡುಮಕ್ಕಳಲ್ಲಿ. ಕೆಲವು ವರ್ಷ ಬೆಳೆದು, ಸಾಮಾನ್ಯವಾಗಿ ತಾನಾಗಿಯೇ ನಿಂತುಬಿಡುತ್ತದೆ!

ಕೈಗೆ ಬರುವ ಬಗೆಯನ್ನು ಜಪಾನಿನ ಹಿರಾಯಾಮಾ 1959ರಲ್ಲಿ ವಿವರಿಸಿದ್ದರು. ಕೈ ಸೊರಗಿದರೂ ಮೊಣಕೈಯಿಂದ ಹೆಬ್ಬೆರಳ ಕಡೆಗೆ ಇಳಿಯುವ ಒಂದು ಸ್ನಾಯು ಮಾತ್ರ ದುಂಡಗೆ ಉಳಿದಿರುತ್ತದೆ. ಚಳಿಯಲ್ಲಿ ಬೆರಳು ಇನ್ನಷ್ಟು ಸೋಲುತ್ತವೆ. ಸೊರಗಿದ್ದು ಕೈ, ತೊಂದರೆ ಇರುವುದು ಕುತ್ತಿಗೆಯಲ್ಲಿ! ತಲೆ ಬಗ್ಗಿಸಿದಾಗಲೆಲ್ಲ ಬೆನ್ನುಹುರಿ ಒತ್ತಿಹೋಗುತ್ತದೆ. ಅದಕ್ಕೇ ಕೈಗೆ ಚಿಕಿತ್ಸೆಯೆಂದು ಕುತ್ತಿಗೆಗೆ ಪಟ್ಟಿ ಕಟ್ಟುತ್ತಾರೆ!

ಮತ್ತೆ ಮುಂಡರಗಿ ಸೀಮೆಗೆ ಬರೋಣ. ಇಲ್ಲಿನ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲಿನ ಕಲೆ ಎಲ್ಲರಿಗೂ ಕಾಣುತ್ತದೆ. ಕಾಣದ್ದು ಏನು ಗೊತ್ತೇ? ವರ್ಷಾನುಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದರೆ ಸ್ನಾಯುಗಳು ಎಲುಬಿಗೆ ಅಂಟುವ ಜಾಗವೇ ಸುಣ್ಣಗಟ್ಟಬಹುದು! 'ವಯಸ್ಸಾಯ್ತು, ಸೊಂಟ ಬಗ್ಗವಲ್ದು' ಎನ್ನುವ ಹಿರಿಯರ ಬಿಗಿತದ ಹಿಂದೆ ಕೊಳವೆಬಾವಿಯ ನೀರೂ ಇರಬಹುದು. ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಸುಮ್ಮನಿರಬೇಡಿ, ಕೇಳಿ ರಿಪೇರಿ ಮಾಡಿಸಿ.

ನಿಮ್ಮ ಮುಷ್ಟಿ ಎಷ್ಟು ಗಟ್ಟಿ? ಸುಮ್ಮನೆ ಕೇಳುತ್ತಿಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತವನ್ನು ಅಳೆದ ಅಧ್ಯಯನವೊಂದು 2015ರಲ್ಲಿ ಬಂತು. ಮುಂದೆ ಯಾರು ಬೇಗ ಸಾಯಬಹುದು ಎಂಬುದನ್ನು ರಕ್ತದೊತ್ತಡದ ಮೇಲಿನ ಅಂಕಿಗಿಂತ ಮುಷ್ಟಿಯ ಬಲವೇ ಚೆನ್ನಾಗಿ ಹೇಳಿತು!

ಮೂವತ್ತು ದಾಟಿದ ಮೇಲೆ ಸ್ನಾಯು ಮೆಲ್ಲಗೆ ಕರಗತೊಡಗುತ್ತದೆ. ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು. 'ಇನ್ನೇನು, ಮುಗೀತು ನಮ್ಮ ಕಾಲ' ಎನ್ನುವ ಅಜ್ಜ ಅಜ್ಜಿಯರಿಗೆ ಇದನ್ನು ಓದಿ ಹೇಳಿ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ವೃದ್ಧಾಶ್ರಮದ 10 ಜನ, ಎಲ್ಲರೂ 86ರಿಂದ 96 ವರ್ಷದವರು. ಅವರಿಂದ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಪೂರ್ತಿ ಮಾಡಿದವರ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಅಂದರೆ ಎರಡೂವರೆ ಪಟ್ಟಿಗಿಂತಲೂ ಜಾಸ್ತಿ! ಅವರಲ್ಲಿ ಇಬ್ಬರು ಊರುಗೋಲು ಬಿಟ್ಟು ನಡೆದರು!